ಕರಿಹಲಗೆಯ ಮೇಲೆ ಪಿಲಿ

ಆ ಹುಡುಗಿ ಪುಸ್ತಕವನ್ನು ತಲೆಕೆಳಗಾಗಿ ಹಿಡಿದುಕೊಂಡು ಓದುತ್ತಿದ್ದಳು. ಎಲ್ಲಿಯೂ ತಡವರಿಸದೆ, ರಾಗವಾಗಿ, ಸಾಲು ಮುಗಿದಲ್ಲಿ ಉಸಿರು ತೆಗೆದುಕೊಂಡು ಓದುತ್ತಿದ್ದಳು. ಬೆರಳು ಕೂಡ ಸಾಲಿನ ಕೆಳಗೆ ಓಡುತ್ತಿತ್ತು. ನಾನು ಪುಸ್ತಕವನ್ನು ಸರಿಯಾಗಿ ತಿರುಗಿಸಿ ಕೊಡಬೇಕೆಂದು ಬಗ್ಗುವಷ್ಟರಲ್ಲಿ ಹೆಡ್ಮಾಷ್ಟ್ರು ಒಳಗೆ ಬಂದರು. ಅವರೂ ನೋಡಿದರು. ಜೋರಾಗಿ ನಕ್ಕರು. ಆಮೇಲೆ ಬೆತ್ತದಿಂದ ಅವಳ ಮೊಣಕಾಲಿನ ಹಿಂಬದಿಗೆ ಒಂದು ಬಾರಿಸಿದರು.

"ಇವಳು ಒಂದನೇ ಕ್ಲಾಸಿನ ಖಾಯಂ ಗಿರಾಕಿ, ಟೀಚರ್. ಮಂಡೆಯಲ್ಲಿ ಏನೂ ಇಲ್ಲ. ಈ ವರ್ಷವೂ ಪಾಸಾಗದಿದ್ರೆ ಹೆಸರು ತೆಗೆಯುವ. ಅಮ್ಮನ ಒಟ್ಟಿಗೆ ಕೂತು ಬೀಡಿ ಕಟ್ಟಲಿ."

ಹುಡುಗಿಯ ಹೆಸರು ಕಮಲ. ಅವಳು ಅಳಲಿಲ್ಲ. ಕಾಲನ್ನು ಇನ್ನೊಂದು ಕಾಲಿನಿಂದ ಉಜ್ಜಿಕೊಂಡು, ನಾನು ತಿರುಗಿಸಿಕೊಟ್ಟ ಪುಸ್ತಕವನ್ನು ಹಿಡಿದು ಮತ್ತೆ ಅದೇ ಪಾಠವನ್ನು ಅದೇ ರಾಗದಲ್ಲಿ ಶುರುಮಾಡಿದಳು. ಅವಳಿಗೆ ಎರಡೂ ಒಂದೇ ಆಗಿತ್ತು.

ಹೆಡ್ಮಾಷ್ಟ್ರು ಹೋದ ಮೇಲೆ ನಾನು ತರಗತಿಯ ಅಷ್ಟೂ ಮಕ್ಕಳ ಕೈಯಲ್ಲಿ ಪುಸ್ತಕ ತಲೆಕೆಳಗೆ ಮಾಡಿಸಿದೆ. ಎಲ್ಲರೂ ಓದಿದರು. ಚಿತ್ರವನ್ನು ಅಂಗೈಯಿಂದ ಮುಚ್ಚಿ, ನಡುವಿನ ಒಂದು ಶಬ್ದ ತೋರಿಸಿದೆ. ಎಲ್ಲರೂ ಸುಮ್ಮನಾದರು. ಎರಡನೇ ತರಗತಿಯೂ ನನ್ನದೇ. ಅಲ್ಲಿ ಮೂರು ನಾಲ್ಕು ಮಕ್ಕಳನ್ನು ಬಿಟ್ಟರೆ ಅದೇ ಕಥೆ. ಒಂದು ವರ್ಷವಿಡೀ ಅ ಆ ಇ ಈ ಎಂದು ಕೂಗಿದ ಮಕ್ಕಳು. ತಮ್ಮ ಪುಸ್ತಕದ ಯಾವ ಶಬ್ದದಲ್ಲಿಯೂ ಕಾಣಸಿಗದ ಙ, ಞಗಳನ್ನು ಕೂಡ ಕಂಠಪಾಠ ಮಾಡಿದ ಮಕ್ಕಳು. ಅವರಿಗೆ ಯಾರೂ ಓದುವುದನ್ನು ಕಲಿಸಿರಲಿಲ್ಲ. ಕಲಿಸದೆ, ಕಲಿಯಲಿಲ್ಲವೆಂದು ಹೊಡೆದಿದ್ದರು. ಅಂದು ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ, ಅಷ್ಟು ಸಿಟ್ಟು ಬಂದಿತ್ತು.

ಸಿದ್ಧಕಟ್ಟೆಯಲ್ಲಿ ಬಸ್ಸಿಳಿದು, ಗದ್ದೆಯ ಹುಣಿಯ, ಅಂದರೆ ಬದುವಿನ, ಮೇಲೆ ನಡೆದು, ತೋಡಿನ ನೀರು ದಾಟಿ ಹೋಗಬೇಕಾದ ಶಾಲೆ ಅದು. ಮಣ್ಣಿನ ಗೋಡೆ, ಹಂಚಿನ ಮಾಡು, ನಡುವೆ ತಟ್ಟಿ ಕಟ್ಟಿ ಮಾಡಿದ ಎರಡು ಕೋಣೆ. ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮೂಡಬಿದ್ರೆಯ ನಮ್ಮ ಮನೆಯಲ್ಲಿ, ಬಸದಿಯ ಬೀದಿಯಲ್ಲಿ, ಎಲ್ಲ ಕಡೆ ನಾನು ಮಾತಾಡುತ್ತ ಬೆಳೆದದ್ದು ತುಳು. ಹೆಡ್ಮಾಷ್ಟ್ರ ಮನೆಮಾತೂ ತುಳು. ಮಕ್ಕಳದ್ದಂತೂ ತುಳುವಲ್ಲದೆ ಬೇರೆ ಇಲ್ಲ. ಆದರೆ ಶಾಲೆಯ ಮೆಟ್ಟಿಲು ಹತ್ತಿದ ಮೇಲೆ ತುಳು ಮಾತಾಡಿದವರಿಗೆ ಅಂಗೈಗೆ ಏಟು. ಅದು ಹೆಡ್ಮಾಷ್ಟ್ರು ಮಾಡಿದ ಕಟ್ಟಳೆ. ಹಾಗಾಗಿ ಒಂದನೇ ತರಗತಿಯ ಮಕ್ಕಳು ಮಾತೇ ಆಡುತ್ತಿರಲಿಲ್ಲ. ಅದನ್ನು ಅವರು ಶಿಸ್ತು ಎಂದು ಕರೆಯುತ್ತಿದ್ದರು.

ನಾನು ಮೊದಲು ಮಾಡಿದ ಕೆಲಸ ಪುಸ್ತಕಗಳನ್ನೆಲ್ಲ ಮುಚ್ಚಿಸಿದ್ದು. ಮಕ್ಕಳಿಂದ ಅಡಿಕೆಯ ಹಾಳೆ ತರಿಸಿದೆ. ತಲೆಗೆ ಹಾಕುವ ಮುಟ್ಟಾಳೆ ಮಾಡಲಿಕ್ಕೆ ಬಾರದ, ಹರಿದ, ಯಾರಿಗೂ ಬೇಡವಾದ ಹಾಳೆಗಳು. ಅವುಗಳನ್ನು ನೀರಿನಲ್ಲಿ ನೆನೆಸಿ, ಅಂಚು ಮಡಚಿ, ಕಡ್ಡಿ ಚುಚ್ಚಿ ತಟ್ಟೆ ಮಾಡಿದೆವು. ತೋಡಿನಿಂದ ಸಣ್ಣ ಮರಳು ತಂದು ಅದರಲ್ಲಿ ಹರಡಿದೆವು. ಮಳೆಗಾಲವಾದ್ದರಿಂದ ಮರಳು ಒದ್ದೆ. ಬೆರಳಿಗೆ ಅಂಟಿ ಅಕ್ಷರ ಮೂಡುತ್ತಿರಲಿಲ್ಲ. ನಾನು ಬಾಡಿಗೆಗೆ ಇದ್ದ ಮನೆಯಲ್ಲಿ ಒಲೆಯ ಮೇಲೆ ಮಡಕೆಯಿಟ್ಟು ಮರಳು ಹುರಿದೆ. ಮನೆಯ ಅಮ್ಮ "ಟೀಚರಿಗೆ ಇವತ್ತು ಮರಳಿನ ಪಲ್ಯ" ಎಂದು ನಕ್ಕರು.

ಅ ಆ ಇ ಈಯನ್ನು ಬಿಟ್ಟೆ. ಪ್ರತಿಯೊಂದು ಮಗುವನ್ನೂ ಅದರ ಹೆಸರಿನಿಂದ ಶುರುಮಾಡಿದೆ. ಕಮಲ ಎಂಬುದು ನನಗೆ ಸಿಕ್ಕ ಅದೃಷ್ಟ. ದೀರ್ಘವಿಲ್ಲ, ಕೊಂಬಿಲ್ಲ, ಒತ್ತಿಲ್ಲ. ಅಕ್ಷರ ಬರೆಯುವ ಮೊದಲು ಕಿವಿಯ ಆಟ. ಹೆಸರನ್ನು ಚಪ್ಪಾಳೆ ತಟ್ಟಿ ಒಡೆಯುವುದು: ಕ, ಮ, ಲ. ಆಮೇಲೆ ಅಂಗಳಕ್ಕೆ ಇಳಿದು ಕ ಎಂದು ಶುರುವಾಗುವ ವಸ್ತುಗಳನ್ನು ಹುಡುಕುವುದು. ಕಲ್ಲು ಬಂತು, ಕಡ್ಡಿ ಬಂತು. ಒಬ್ಬ ತನ್ನ ಕಣ್ಣನ್ನೇ ತೋರಿಸಿದ. ಕಿವಿಗೆ ಗೊತ್ತಾದ ಮೇಲೆಯೇ ಮರಳಿನಲ್ಲಿ ಕ ಬರೆದು, ಕಮಲನ ಬೆರಳು ಹಿಡಿದು ಅದರ ಮೇಲೆ ಓಡಿಸಿದೆ.

"ಇದು ನಿನ್ನದು" ಎಂದೆ.

"ಮನೆಗೆ ಕೊಂಡೋಗ್ಲಿಕ್ಕೆ ಆಗ್ತದಾ?" ಎಂದು ತುಳುವಿನಲ್ಲಿ ಪಿಸುಗುಟ್ಟಿ ಕೇಳಿದಳು. ಶಾಲೆಯಲ್ಲಿ ಅವಳು ತಾನಾಗಿ ಆಡಿದ ಮೊದಲ ಮಾತು ಅದು.

ಮರಳಿನ ನಂತರ ಹುಣಸೆ ಬೀಜ. ನೆಲದ ಮೇಲೆ ಸೀಮೆಸುಣ್ಣದಿಂದ ದೊಡ್ಡದಾಗಿ ಬರೆದ ಅಕ್ಷರದ ಮೇಲೆ ಬೀಜ ಜೋಡಿಸುವುದು. ರ ಮತ್ತು ಠ, ವ ಮತ್ತು ಮ, ಹೀಗೆ ಒಂದರ ಹಾಗೆ ಒಂದು ಕಾಣುವ ಅಕ್ಷರಗಳಲ್ಲಿ ಎಲ್ಲಿ ವ್ಯತ್ಯಾಸವೆಂದು ಬೀಜ ಜೋಡಿಸುವ ಕೈಗೆ ಗೊತ್ತಾಗುತ್ತದೆ. ಚೆನ್ನಾಗಿಯೇ ನಡೆಯುತ್ತಿತ್ತು. ಒಂದು ದಿನ ಎದುರು ಸಾಲಿನ ಒಂದು ಮಗು ಬೀಜವನ್ನು ಮೂಗಿನೊಳಗೆ ತುರುಕಿಕೊಂಡಿತು. ನಾನು ತೆಗೆಯಲು ಹೋದಷ್ಟೂ ಅದು ಮೇಲೆ ಹೋಯಿತು. ಬೊಬ್ಬೆ ಕೇಳಿ ಹೆಡ್ಮಾಷ್ಟ್ರು ಓಡಿ ಬಂದರು. ತಮ್ಮ ನಶ್ಯದ ಡಬ್ಬಿ ತೆಗೆದು, ಚಿಟಿಕೆ ಪುಡಿಯನ್ನು ಮಗುವಿನ ಇನ್ನೊಂದು ಹೊಳ್ಳೆಗೆ ಹಿಡಿದರು. ಮಗು ಸೀನಿದ ರಭಸಕ್ಕೆ ಬೀಜ ಗೋಡೆಗೆ ಹೋಗಿ ಬಡಿಯಿತು. ನನಗೆ ಜೀವ ಬಂದಂತಾಯಿತು, ಕೈಮುಗಿದೆ.

ಅವರು ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೀಜಗಳನ್ನೆಲ್ಲ ಕಾಲಿನಿಂದ ಗುಡಿಸಿ ಅಂಗಳಕ್ಕೆ ತಳ್ಳಿದರು. ಮೂಲೆಯಲ್ಲಿ ಒಂದರ ಮೇಲೊಂದು ಇಟ್ಟಿದ್ದ ಹಾಳೆಯ ತಟ್ಟೆಗಳನ್ನೂ ಮರಳು ಸಹಿತ ಮಳೆಗೆ ಎಸೆದರು. ಮಕ್ಕಳು ನೋಡುತ್ತಿದ್ದರು. ಕಮಲ ತನ್ನ ತಟ್ಟೆ ಬಿದ್ದ ಜಾಗವನ್ನು ನೋಡುತ್ತಿದ್ದಳು.

"ಇದು ಅಂಗಳದ ಆಟ ಆಡುವ ಜಾಗ ಅಲ್ಲ ಟೀಚರ್, ಶಾಲೆ. ಸ್ಲೇಟು ಉಂಟು, ಪುಸ್ತಕ ಉಂಟು. ಅದ್ರಲ್ಲಿ ಕಲಿಸಿ."

ಬೀಜದ ವಿಷಯದಲ್ಲಿ ಅವರ ಮಾತು ನ್ಯಾಯ. ಮರಳು ಯಾರ ಮೂಗಿಗೆ ಹೋಗಿತ್ತು? ಆ ಪ್ರಶ್ನೆಯನ್ನು ಕೇಳಿದೆ. ಅವರು ತಟ್ಟಿಯ ಆಚೆಗೆ ನಡೆದರು. ಮರುದಿನ ಹೊಸ ಹಾಳೆ ತರಿಸಿದೆ. ಬೀಜದ ಬದಲು ತೆಂಗಿನ ಗರಿಯ ಕಡ್ಡಿ ಬಂತು.

ನಿಜವಾದ ಸೋಲು ಬಂದದ್ದು ಅವರಿಂದಲ್ಲ, ಕಾಗುಣಿತದಿಂದ. ಬಿಡಿ ಅಕ್ಷರಗಳನ್ನು ಕೂಡಿಸಿ ಮರ, ಸರ, ಕಮಲ ಎಂದು ಓದುತ್ತಿದ್ದ ಮಕ್ಕಳು ಗುಡಿಸು, ಕೊಂಬು ಬಂದೊಡನೆ ಹಳೆಯ ರಾಗಕ್ಕೆ ಜಾರಿದರು. 'ಗಿಡ' ಎಂದು ಬರೆದೆ. ಕಮಲ ಓದಿದಳು: "ಗಕ್ಕೆ ಗುಡಿಸು ಗಿ, ಡ." ಮತ್ತೊಮ್ಮೆ ಎಂದೆ. ಮತ್ತೊಮ್ಮೆ ಅದೇ. ಗುಡಿಸಿನ ಹೆಸರು ಬಿಟ್ಟು ಬರಿ ಧ್ವನಿ ಹೇಳು ಎಂದೆ. "ಗಿ, ಡ. ಗಿಡ." ಸರಿ. ಆದರೆ ಮುಖದಲ್ಲಿ ಏನೂ ಇಲ್ಲ. ಕಿಟಕಿಯ ಹೊರಗೆ ದಾಸವಾಳದ ಗಿಡ ತೋರಿಸಿ "ಉಂದು ದಾದ?" ಎಂದು ತುಳುವಿನಲ್ಲಿ ಮೆಲ್ಲಗೆ ಕೇಳಿದೆ. ಇದು ಏನು?

"ದೈ" ಎಂದಳು ತಕ್ಷಣ. ಗಿಡಕ್ಕೆ ತುಳುವಿನಲ್ಲಿ ದೈ.

ಅವಳು ಗಿಡ ಎಂಬ ಶಬ್ದವನ್ನು ಮನೆಯಲ್ಲಿ, ಗದ್ದೆಯಲ್ಲಿ, ಅಂಗಡಿಯಲ್ಲಿ, ಎಲ್ಲಿಯೂ ಕೇಳಿರಲಿಲ್ಲ. ಎಷ್ಟು ಸರಿಯಾಗಿ ಓದಿದರೂ ಆ ಧ್ವನಿ ಅವಳನ್ನು ಎಲ್ಲಿಗೂ ತಲುಪಿಸುತ್ತಿರಲಿಲ್ಲ. ನಾವು ಅವಳಿಂದ ಒಂದೇ ಸಲಕ್ಕೆ ಎರಡು ಕೆಲಸ ಕೇಳುತ್ತಿದ್ದೆವು: ಓದುವುದನ್ನೂ ಕಲಿ, ಗೊತ್ತಿಲ್ಲದ ಭಾಷೆಯನ್ನೂ ಕಲಿ. ಅದು ಆಗದಾಗ ಮಂಡೆಯಲ್ಲಿ ಏನೂ ಇಲ್ಲ ಎನ್ನುತ್ತಿದ್ದೆವು. ಟ್ರೈನಿಂಗಿನಲ್ಲಿ ನನಗೆ ಪಾಠಯೋಜನೆಗೆ ಗೆರೆ ಎಳೆಯುವುದನ್ನು ಕಲಿಸಿದ್ದರು. ಈ ಮಾತನ್ನು ಯಾರೂ ಹೇಳಿರಲಿಲ್ಲ.

ಆಗ ನಾನು ಒಂದು ತೀರ್ಮಾನ ಮಾಡಿದೆ. ಮಾತಿನಲ್ಲಿ ತುಳು ಆಡಿದರೆ ಏಟು ಬೀಳುವ ಶಾಲೆಯಲ್ಲಿ, ಕರಿಹಲಗೆಯ ಮೇಲೆ ಕನ್ನಡ ಅಕ್ಷರದಲ್ಲಿ ತುಳುವಿನ ಶಬ್ದ ಬರೆದೆ. ಪಿಲಿ.

ಮಕ್ಕಳು ಬಾಗಿಲಿನ ಕಡೆ ನೋಡಿದರು. ಆಮೇಲೆ ಕಮಲನ ತುಟಿ ಅಲುಗಿತು. "ಪಿ... ಲಿ..." ಮುಖವೆಲ್ಲ ಅರಳಿತು. "ಪಿಲಿ! ಟೀಚರ್, ಪಿಲಿ!"

ಹಿಂದಿನ ಸಾಲಿನಲ್ಲಿ ಯಾರೋ ಹುಲಿಯ ಹಾಗೆ ಗುರುಗುಟ್ಟಿದರು. ಇಡೀ ತರಗತಿ ಗುರುಗುಟ್ಟಿತು. ಗುಡಿಸಿನ ಹೆಸರು ಹೇಳಬೇಕೆಂದು ಯಾರಿಗೂ ನೆನಪಾಗಲಿಲ್ಲ.

ನಾನು ಪಿ ಒರಸಿ ಅಲ್ಲಿ ಹು ಬರೆದೆ. ಹುಲಿ. "ನಮ್ಮ ಪಿಲಿಯೇ ಕನ್ನಡದಲ್ಲಿ ಹುಲಿ" ಎಂದೆ. ಪೂ ಬರೆದು, ಪಕ್ಕದಲ್ಲಿ ಹೂ ಬರೆದೆ. ಪಕ್ಕಿ, ಹಕ್ಕಿ. ಪಲ್ಲಿ, ಹಲ್ಲಿ. ಕಮಲ ಎದ್ದು ನಿಂತು, ದೊಡ್ಡ ಗುಟ್ಟನ್ನು ಕಂಡುಹಿಡಿದವಳಂತೆ ತುಳುವಿನಲ್ಲೇ ಹೇಳಿದಳು: "ಟೀಚರ್, ಮನೆಯ ಪ ಶಾಲೆಗೆ ಬಂದ್ರೆ ಹ ಆಗ್ತದೆ!" ಅಷ್ಟರಲ್ಲಿ ಇನ್ನೊಬ್ಬಳು, ಹಾಗಾದರೆ ಪುಚ್ಚೆ ಹುಚ್ಚೆ ಆಗ್ತದಾ ಎಂದು ಕೇಳಿದಳು. ಪುಚ್ಚೆ ಎಂದರೆ ಬೆಕ್ಕು. ನನಗೆ ನಗು ತಡೆಯಲಾಗಲಿಲ್ಲ. ಮಕ್ಕಳೂ ಬಿದ್ದು ಬಿದ್ದು ನಕ್ಕರು.

ಆ ನಗು ತಟ್ಟಿಯ ಆಚೆಗೆ ಕೇಳಿಸಿತು. ಹೆಡ್ಮಾಷ್ಟ್ರು ಬಂದು ಬೋರ್ಡು ನೋಡಿದರು. ಮೊದಲು ಅವರಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಕಪ್ಪಾಯಿತು. ತಮ್ಮ ಶಾಲಿನ ತುದಿಯಿಂದಲೇ ಎಲ್ಲವನ್ನೂ ಒರಸಿದರು.

"ಇದು ಸರಕಾರದ ಬೋರ್ಡು. ತುಳುವಿಗೆ ಪುಸ್ತಕ ಉಂಟಾ? ಪರೀಕ್ಷೆ ಉಂಟಾ?"

"ಮಕ್ಕಳಿಗೆ ಬಾಯಿ ಉಂಟು, ಮಾಷ್ಟ್ರೇ. ಆ ಬಾಯಿಯಲ್ಲಿ ಇರುವುದು ತುಳು."

"ಮೇಲಿನವರಿಗೆ ಬರೆಯುತ್ತೇನೆ ನಾನು."

"ಬರೆಯಿರಿ. ಬರೆಯುವಾಗ ಇವರು ಓದಲು ಕಲಿತದ್ದನ್ನೂ ಬರೆಯಿರಿ."

ಅಂದಿನಿಂದ ಬೋರ್ಡು ನನಗಿಲ್ಲವೆಂದಾಯಿತು. ಮಕ್ಕಳನ್ನು ಜಗಲಿಗೆ ಕರೆದುಕೊಂಡು ಹೋಗಿ, ಹಾಳೆಯ ಒಳಮೈಯ ಮೇಲೆ ಇದ್ದಿಲಿನಿಂದ ಬರೆದೆ. ಒರಸಿದರೆ ಹೋಗುತ್ತದೆ, ಮತ್ತೆ ಬರೆಯಬಹುದು. ದಿನಕ್ಕೊಂದು ಕಥೆ ಮೊದಲು ತುಳುವಿನಲ್ಲಿ ಹೇಳುವುದು, ಮರುದಿನ ಅದೇ ಕಥೆ ಕನ್ನಡದಲ್ಲಿ. ಆಮೇಲೆ ಅದರ ಒಂದು ಸಾಲು ಹಾಳೆಯ ಮೇಲೆ. ಗೊತ್ತಿರುವ ಕಥೆಯಾದ್ದರಿಂದ ಕನ್ನಡಕ್ಕೆ ಅವರು ಹೆದರಲಿಲ್ಲ. ಮಳೆ ನಿಲ್ಲುವ ಹೊತ್ತಿಗೆ ಅವರು ಪಠ್ಯಪುಸ್ತಕವನ್ನು ಬೇಕಾದ ಪುಟದಿಂದ ಓದಲು ಶುರುಮಾಡಿದ್ದರು, ನಿಧಾನವಾಗಿ, ಮುಗ್ಗರಿಸುತ್ತ, ರಾಗವಿಲ್ಲದೆ.

ಕಮಲನ ತಾಯಿ ಒಂದು ದಿನ ಬಂದಳು. ಕೈಯಲ್ಲಿ ಬೀಡಿಯ ಗೆರಸೆಯನ್ನೂ ಹಿಡಿದುಕೊಂಡೇ ಬಂದಿದ್ದಳು. "ತುಳು ಮನೆಯಲ್ಲಿ ಉಂಟಲ್ಲ ಟೀಚರೇ. ಅದನ್ನು ಕಲಿಯಲಿಕ್ಕೆ ನಾನು ಶಾಲೆಗೆ ಕಳಿಸಬೇಕಾ? ಹೆಡ್ಮಾಷ್ಟ್ರು ಹೇಳಿದ್ರು, ಇವಳಿಗೆ ತಲೆಗೆ ಹತ್ತುದಿಲ್ಲ, ಸುಮ್ಮನೆ ಬಿಡಿಸು ಅಂತ." ನಾನು ವಾದ ಮಾಡಲಿಲ್ಲ. ಜಗಲಿಯಲ್ಲಿ ಕೂತು ನೋಡಿ ಎಂದೆ. ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು ಎಲೆ ಸುತ್ತುತ್ತ ಕೂತಳು. ಕಮಲ ಒಂದು ಸಾಲು ಓದಿದಾಗ ತಾಯಿಯ ಕೈ ನಿಂತಿತು. ಕಮಲ ಮರುದಿನವೂ ಶಾಲೆಗೆ ಬಂದಳು.

ವರ್ಷದ ಕೊನೆಗೆ ಇನ್ಸ್‌ಪೆಕ್ಟರ ತಪಾಸಣೆ ಎಂದು ಗೊತ್ತಾಯಿತು. ಹಿಂದಿನ ದಿನ ಹೆಡ್ಮಾಷ್ಟ್ರು ನನ್ನನ್ನು ಕರೆದು ಕೆಲವು ಮಕ್ಕಳ ಹೆಸರು ಹೇಳಿದರು, ಮೊದಲು ಕಮಲನದು. "ಇವರು ನಾಳೆ ಬರುವುದು ಬೇಡ. ಜ್ವರ ಅಂತ ಹೇಳುವ." ಪ್ರತಿ ವರ್ಷ ನಡೆಯುತ್ತಿದ್ದದ್ದು ಇದೇ. ಓದಲು ಬಾರದವರನ್ನು ಒಂದು ದಿನಕ್ಕೆ ಮಾಯ ಮಾಡಿ, ಬಾಯಿಪಾಠ ಬರುವವರನ್ನು ಮುಂದೆ ಕೂರಿಸುವುದು. ಶಾಲೆ ಬಿಟ್ಟ ಮೇಲೆ ನಾನು ಆ ಮಕ್ಕಳ ಮನೆಮನೆಗೆ ಹೋದೆ. ನಾಳೆ ತಲೆ ಬಾಚಿ, ಒಗೆದ ಬಟ್ಟೆ ಹಾಕಿ ಕಳಿಸಿ ಎಂದು ಹೇಳಿ ಬಂದೆ.

ಇನ್ಸ್‌ಪೆಕ್ಟರು ಮೈಸೂರಿನ ಕಡೆಯವರು. ನಮ್ಮ ಜಿಲ್ಲೆಗೆ ಹೊಸಬರು. ಒಳ್ಳೆಯ ಮನುಷ್ಯರೇ. ಮುಂದಿನ ಸಾಲಿನ ಹುಡುಗ ರಾಗವಾಗಿ ಶುರುಮಾಡಿದಾಗ ಕೈಯೆತ್ತಿ ನಿಲ್ಲಿಸಿ, ಕೊನೆಯ ಸಾಲಿಗೆ ನಡೆದರು. ಕಮಲನ ಪುಸ್ತಕ ತೆಗೆದು, ನಡುವಿನ ಪುಟ ತೆರೆದು, ಚಿತ್ರದ ಮೇಲೆ ಕೈಯಿಟ್ಟರು.

"ಇದನ್ನ ಓದಮ್ಮ."

ಅವಳು ಬೆರಳಿಟ್ಟು ಓದಿದಳು. "ಅ... ಮ್ಮ. ಅಮ್ಮ. ಬಂ... ದ... ಳು. ಅಮ್ಮ ಬಂದಳು."

"ಭೇಷ್. ಯಾರು ಬಂದ್ರು ಹೇಳು?"

"ಅಪ್ಪೆ" ಎಂದಳು ಕಮಲ.

ಇನ್ಸ್‌ಪೆಕ್ಟರು ತಲೆಯಾಡಿಸಿದರು. "ಅಪ್ಪ ಅಲ್ಲಮ್ಮ. ಓದೋದು ಓದ್ತಾಳೆ ಮೇಷ್ಟ್ರೇ, ಅರ್ಥ ಆಗಿಲ್ಲ. ಇದೂ ಬಾಯಿಪಾಠ ಅಂತ ಕಾಣುತ್ತೆ." ಮುಂದಿನ ಮಗುವಿನತ್ತ ತಿರುಗಿದರು.

ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ. ತಂದೆಗೆ ಅಮ್ಮೆ ಎನ್ನುತ್ತೇವೆ. ಕನ್ನಡಕ್ಕೆ ಸರಿಯಾಗಿ ಉಲ್ಟಾ. 'ಅಮ್ಮ' ಎಂಬ ಅಕ್ಷರ ಕಂಡಾಗ ನಮ್ಮ ಮಗುವಿನ ಮನಸ್ಸು ಮೊದಲು ಓಡುವುದು ತಂದೆಯ ಕಡೆಗೆ. ಕಮಲ ಆ ಅಕ್ಷರ ಓದಿ, ಇದು ಕನ್ನಡದ ಅಮ್ಮ, ಅಂದರೆ ನನ್ನ ಅಪ್ಪೆ ಎಂದು ದಾಟಿಸಿಕೊಂಡು ಉತ್ತರ ಕೊಟ್ಟಿದ್ದಳು. ಮೈಸೂರಿನ ಯಾವ ಮಗುವೂ ಮಾಡಬೇಕಾಗಿಲ್ಲದ ಕೆಲಸ ಅದು. ಆ ಕೋಣೆಯಲ್ಲಿ ಇದು ಗೊತ್ತಿದ್ದ ದೊಡ್ಡವರು ಇಬ್ಬರು. ನಾನು ಹೆಡ್ಮಾಷ್ಟ್ರ ಮುಖ ನೋಡಿದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಆ ವರ್ಷದ ಸಿಟ್ಟೆಲ್ಲ ಅಲ್ಲಿ ಬಂದು ನಿಂತಿತು.

"ಸರ್, ಒಂದು ನಿಮಿಷ" ಎಂದೆ. ಇನ್ಸ್‌ಪೆಕ್ಟರು ತಿರುಗಿದರು. ನಾನೇ ಹೇಳಬಹುದಿತ್ತು. ಹೇಳಲಿಲ್ಲ. "ಮಾಷ್ಟ್ರೇ, ನೀವು ಹೇಳಿ. ನಿಮ್ಮ ಮನೆಯಲ್ಲಿ ಅಪ್ಪೆ ಅಂದ್ರೆ ಯಾರು?"

ಅವರು ಗಂಟಲು ಸರಿಮಾಡಿಕೊಂಡರು. ಮಕ್ಕಳೆಲ್ಲ ಅವರನ್ನೇ ನೋಡುತ್ತಿದ್ದರು.

"ತಾಯಿ, ಸರ್" ಎಂದರು. "ತುಳುವಿನಲ್ಲಿ ಅಪ್ಪೆ ಅಂದ್ರೆ ತಾಯಿ."

ಇನ್ಸ್‌ಪೆಕ್ಟರು ಮತ್ತೆ ಕಮಲನ ಎದುರು ಕೂತು, ಇನ್ನೊಂದು ಪುಟ ಓದಿಸಿದರು, ಮತ್ತೊಂದು ಓದಿಸಿದರು. ಆಮೇಲೆ ಕೊನೆಯ ಸಾಲಿನಲ್ಲಿದ್ದ, ಜ್ವರ ಬರಬೇಕಾಗಿದ್ದ ಎಲ್ಲ ಮಕ್ಕಳನ್ನೂ ಓದಿಸಿದರು. ಅವರೆಲ್ಲ ಎರಡನೇ ತರಗತಿಗೆ ಪಾಸಾದರು. ಹೋಗುವ ಮುನ್ನ ನನ್ನನ್ನು ಪಕ್ಕಕ್ಕೆ ಕರೆದು, "ಚೆನ್ನಾಗಿ ಕಲಿಸಿದೀರಿ. ಆದ್ರೆ ಬೋರ್ಡಿನ ಮೇಲೆ ಕನ್ನಡ ಬಿಟ್ಟು ಬೇರೇದು ಬರೀಬೇಡಿ. ದೂರು ಬಂದಿದೆ, ನಾನು ಏನೂ ಮಾಡಕ್ಕಾಗಲ್ಲ" ಎಂದರು. ಅಷ್ಟು ಕಣ್ಣಾರೆ ನೋಡಿದ ಮೇಲೂ!

ಅಂದು ಸಂಜೆ ಹೆಡ್ಮಾಷ್ಟ್ರು ಮೊದಲ ಬಾರಿಗೆ ನನ್ನೊಡನೆ ಶಾಲೆಯಲ್ಲಿ ತುಳು ಮಾತಾಡಿದರು. ನೀವು ನನ್ನ ಮರ್ಯಾದೆ ತೆಗೆದಿರಿ ಎಂದರು. ನಾನೂ ಚಿಕ್ಕವನಿದ್ದಾಗ ತುಳು ಮಾತಾಡಿ ಏಟು ತಿಂದಿದ್ದೇನೆ, ಬೆರಳ ಗಂಟು ಬಾತಿದ್ದು ಉಂಟು, ಆದರೂ ನಾನು ಕಲಿಯಲಿಲ್ಲವಾ ಎಂದರು. ಅವರ ಕಣ್ಣಲ್ಲಿ ನೀರಿತ್ತು. ನನ್ನ ಸಿಟ್ಟು ಇಳಿಯಲಿಲ್ಲ.

"ನೀವು ಕಲಿತಿರಿ ಮಾಷ್ಟ್ರೇ" ಎಂದೆ. "ನಿಮ್ಮ ಒಟ್ಟಿಗೆ ಕೂತಿದ್ದ ಉಳಿದ ಮಕ್ಕಳು ಎಲ್ಲಿದ್ದಾರೆ?"

ಅವರು ಕೊಡೆ ತೆಗೆದುಕೊಂಡು ಹೊರಟುಹೋದರು.

ಬೇಸಗೆ ರಜೆ ಮುಗಿದು ಶಾಲೆ ಶುರುವಾದ ಕೆಲವೇ ದಿನಗಳಲ್ಲಿ ನನಗೆ ವರ್ಗವಾಯಿತು. ಬೆಳ್ತಂಗಡಿಯಿಂದಲೂ ಒಳಗೆ, ಬಸ್ಸಿಲ್ಲದ ಊರು. ಕಾರಣ ಯಾರೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಒಂದನೇ ತರಗತಿಗೆ ಹೊಸದಾಗಿ ಬಂದ ಮಕ್ಕಳು ತಟ್ಟಿಯ ಆಚೆ ಅ ಆ ಇ ಈ ಎಂದು ಕೂಗುವುದನ್ನು ಕೇಳುತ್ತಲೇ ನಾನು ನನ್ನ ಸಾಮಾನು ಕಟ್ಟಿದೆ.

ಸಿದ್ಧಕಟ್ಟೆಯ ಬಸ್ಸು ನಿಲ್ಲುವ ಜಾಗಕ್ಕೆ ಕಮಲ ಮತ್ತು ಅವಳ ತಾಯಿ ಬಂದಿದ್ದರು. ತಾಯಿ ನನ್ನ ಟ್ರಂಕನ್ನು ತಲೆಯ ಮೇಲೆ ಹೊತ್ತು ತಂದಿದ್ದಳು. ಮಳೆ ಹನಿಯುತ್ತಿತ್ತು. ಬಸ್ಸು ಬಂದು ನಿಂತಾಗ ಕಮಲ ಎದುರಿಗೆ ಹೋಗಿ, ಕುತ್ತಿಗೆ ಎತ್ತಿ, ಮೇಲಿನ ಹಲಗೆ ನೋಡಿದಳು.

"ಬಂ..." ಎಂದಳು. ಮುಂದಿನ ಅಕ್ಷರದಲ್ಲಿ ನಿಂತಳು. ಅದು ಬಂಟ್ವಾಳದ ಬಸ್ಸು. ಅಮ್ಮ, ಅಜ್ಜಿ, ಹಕ್ಕಿ, ಹೀಗೆ ಒಂದು ಅಕ್ಷರಕ್ಕೆ ಅದೇ ಅಕ್ಷರ ಒತ್ತಾಗಿ ಬರುವುದಷ್ಟೇ ನಮ್ಮಿಂದ ಆಗಿತ್ತು. ಬೇರೆ ಅಕ್ಷರದ ಒತ್ತು ಬರುವುದು ಎರಡನೇ ತರಗತಿಯ ಪಾಠ.

ನಾನು ಹತ್ತಿ ಕಿಟಕಿಯ ಹತ್ತಿರ ಕೂತೆ. ಅವಳು ಓಡಿ ಬಂದು, ಕಿಟಕಿಯ ಕೆಳಗೆ ನಿಂತು, ಮುಖವೆತ್ತಿ ಕೇಳಿದಳು:

"ಟೀಚರ್, ಟದ ಅಡಿಯಲ್ಲಿ ಒಂದು ಸಣ್ಣದು ಉಂಟಲ್ಲ. ಅದನ್ನು ಯಾರು ಹೇಳಿಕೊಡುದು?"

ಕಂಡಕ್ಟರು ರೈಟ್ ಎಂದ.